ಅಗ್ಗದ ಪಿಸ್ತೂಲಿಗೆ ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು: ಕೊಳ್ಳುವುದರಿಂದ ಅಪ್‌ಗ್ರೇಡ್‌ವರೆಗೆ

ಅಗ್ಗದ ಸೆಮಿ ಆಟೋಮ್ಯಾಟಿಕ್ ಪಿಸ್ತೂಲು ಕೊಂಡವರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆ ಒಂದೇ: ಟ್ರಿಗರ್ ಯಾವುದು ಹಾಕಿಸಲಿ? ನನ್ನ ಉತ್ತರವೂ ಒಂದೇ. ಸದ್ಯಕ್ಕೆ ಅದನ್ನು ಮುಟ್ಟಬೇಡಿ. ಮೊದಲು ಮ್ಯಾಗಜೀನ್ (ತೋಟಾ ತುಂಬಿ ಹಿಡಿಕೆಯೊಳಗೆ ಹಾಕುವ ಡಬ್ಬಿ), ಆಮೇಲೆ ಅಭ್ಯಾಸಕ್ಕೆ ತೋಟಾ, ಆಮೇಲೆ ಸ್ಪ್ರಿಂಗ್, ಆಮೇಲೆ ಗುರಿ ನೋಡುವ ಸೈಟ್. ಟ್ರಿಗರ್ ಕೊನೆಗೆ, ಅದೂ ಬೇಕೇ ಬೇಕು ಅನಿಸಿದರೆ. ಈ ಕ್ರಮ ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಇಲ್ಲಿ ಹೇಳುವುದೆಲ್ಲ ಕಾನೂನುಬದ್ಧವಾಗಿ, ಲೈಸೆನ್ಸ್ ಅಥವಾ ನೋಂದಣಿ ಬೇಕಾದಲ್ಲಿ ಅದನ್ನು ಮಾಡಿಸಿಕೊಂಡು ಪಿಸ್ತೂಲು ಇಟ್ಟುಕೊಂಡವರಿಗೆ. ಮ್ಯಾಗಜೀನಿನಲ್ಲಿ ಎಷ್ಟು ತೋಟಾ ಇರಬಹುದು, ಗಾಡಿಯಲ್ಲಿ ಹೇಗೆ ಒಯ್ಯಬೇಕು, ಯಾವ ಭಾಗ ಬದಲಿಸಲು ಅನುಮತಿ ಬೇಕು, ಇದೆಲ್ಲ ಜಾಗದಿಂದ ಜಾಗಕ್ಕೆ ಬೇರೆ. ಬಿಡಿಭಾಗ ತರಿಸುವ ಮೊದಲೇ ಅದನ್ನು ವಿಚಾರಿಸಿ. ಒಂದು ಸಲ ಟ್ರಿಗರ್ ಒತ್ತಿದರೆ ಒಂದಕ್ಕಿಂತ ಹೆಚ್ಚು ಗುಂಡು ಹಾರುವಂತೆ ಮಾಡುವ ಯಾವ ಭಾಗವೂ ಅಪ್‌ಗ್ರೇಡ್ ಅಲ್ಲ, ಅಪರಾಧ. ಆ ಮಾತು ಇಲ್ಲಿಗೇ ಮುಗಿಯಿತು.

ನಾಲ್ಕು ನಿಯಮ, ಮತ್ತೆ ಒಂದು ಅಭ್ಯಾಸ

ಅಮೆರಿಕದ ಪಿಸ್ತೂಲು ತರಬೇತುದಾರ ಜೆಫ್ ಕೂಪರ್ ಜನಪ್ರಿಯಗೊಳಿಸಿದ ನಾಲ್ಕು ನಿಯಮ ಎಲ್ಲರಿಗೂ ಬಾಯಿಪಾಠ: ಪ್ರತಿ ಬಂದೂಕೂ ತುಂಬಿದೆ ಎಂದೇ ತಿಳಿಯಿರಿ, ಹಾಳುಮಾಡಲು ಇಷ್ಟವಿಲ್ಲದ ಯಾವುದರ ಕಡೆಗೂ ಬಂದೂಕಿನ ಬಾಯಿ ತಿರುಗಿಸಬೇಡಿ, ಗುರಿ ಹಿಡಿಯುವವರೆಗೂ ಬೆರಳು ಟ್ರಿಗರ್‌ನಿಂದ ಹೊರಗಿರಲಿ, ಗುರಿ ಏನು ಮತ್ತು ಅದರ ಹಿಂದೆ ಏನಿದೆ ಅಂತ ಗೊತ್ತಿರಲಿ. ಬಾಯಿಪಾಠ ಇದ್ದರೂ ಅನಾಹುತ ಆಗುವುದು ಎಷ್ಟೋ ಸಲ ಕ್ಲೀನ್ ಮಾಡುವಾಗ, ಬಿಡಿಭಾಗ ಹಾಕುವಾಗ. ಗ್ಲಾಕ್ ಮಾದರಿಯ, ಹೊರಗೆ ಸುತ್ತಿಗೆ ಇಲ್ಲದೆ ಒಳಗಿನ ಪಿನ್ನೇ ಸ್ಪ್ರಿಂಗಿನಿಂದ ಮುಂದೆ ಬಡಿಯುವ ಸ್ಟ್ರೈಕರ್ ಪಿಸ್ತೂಲುಗಳಲ್ಲಿ ಬಹಳಷ್ಟನ್ನು ಬಿಚ್ಚಬೇಕಾದರೆ ಮೊದಲು ಟ್ರಿಗರ್ ಒತ್ತಲೇಬೇಕು. ಚೇಂಬರಿನಲ್ಲಿ (ಬ್ಯಾರೆಲ್ ಹಿಂಭಾಗದಲ್ಲಿ ತೋಟಾ ಕೂರುವ ಜಾಗದಲ್ಲಿ) ಒಂದು ತೋಟಾ ಉಳಿದಿದ್ದರೆ ಕಥೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಕ್ರಮ ಹೀಗಿರಲಿ. ಮೊದಲು ಮ್ಯಾಗಜೀನ್ ತೆಗೆಯಿರಿ. ಆಮೇಲೆ ಸ್ಲೈಡ್, ಅಂದರೆ ಮೇಲ್ಗಡೆ ಹಿಂದೆ ಮುಂದೆ ಜಾರುವ ಭಾಗ, ಹಿಂದಕ್ಕೆಳೆಯಿರಿ, ಎರಡು ಮೂರು ಸಲ ಎಳೆಯಿರಿ, ತೆರೆದ ಸ್ಥಿತಿಯಲ್ಲಿ ಲಾಕ್ ಮಾಡಿ. ಚೇಂಬರನ್ನು ಕಣ್ಣಿಂದ ನೋಡಿ, ಬೆರಳು ಹಾಕಿಯೂ ನೋಡಿ. ಈ ಕ್ರಮ ಉಲ್ಟಾ ಆದರೆ, ಅಂದರೆ ಮೊದಲು ಸ್ಲೈಡ್ ಎಳೆದು ಆಮೇಲೆ ಮ್ಯಾಗಜೀನ್ ತೆಗೆದರೆ, ನೀವೇ ಒಂದು ಹೊಸ ತೋಟಾ ಚೇಂಬರಿಗೆ ತುಂಬಿ ಖಾಲಿ ಅಂದುಕೊಂಡಿರುತ್ತೀರಿ. ಕೆಲಸ ಮಾಡುವ ಮೇಜಿನ ಮೇಲೆ, ಸಾಧ್ಯವಾದರೆ ಆ ಕೋಣೆಯಲ್ಲೇ, ಒಂದು ತೋಟಾ ಕೂಡ ಇರಬಾರದು.

ಒಳಗೆ ಏನಾಗುತ್ತದೆ ಅಂತ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ

9 ಮಿ.ಮೀ. ಪಿಸ್ತೂಲುಗಳಲ್ಲಿ ಹೆಚ್ಚಿನವು ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್ ಅವರ ಹಳೆಯ ಉಪಾಯದ ಮೇಲೆಯೇ ನಡೆಯುತ್ತವೆ. ಗುಂಡು ಹಾರಿದಾಗ ಬ್ಯಾರೆಲ್ ಮತ್ತು ಸ್ಲೈಡ್ ಒಟ್ಟಿಗೆ ಕೆಲವು ಮಿ.ಮೀ. ಹಿಂದಕ್ಕೆ ಹೋಗುತ್ತವೆ. ಒಳಗಿನ ಒತ್ತಡ ಇಳಿದ ಮೇಲೆ ಬ್ಯಾರೆಲಿನ ಹಿಂಭಾಗ ಕೆಳಗೆ ವಾಲಿ ಬಿಡಿಸಿಕೊಳ್ಳುತ್ತದೆ, ಸ್ಲೈಡ್ ಒಂದೇ ಮುಂದುವರಿದು ಹಿಂದೆ ಹೋಗುತ್ತದೆ. ಎಕ್ಸ್‌ಟ್ರಾಕ್ಟರ್ ಖಾಲಿ ಕೇಸನ್ನು (ತೋಟಾದ ಖೋಲನ್ನು) ಹಿಡಿದೆಳೆಯುತ್ತದೆ, ಇಜೆಕ್ಟರ್ ಅದನ್ನು ಹೊರಗೆ ಚಿಮ್ಮಿಸುತ್ತದೆ, ರಿಕಾಯಿಲ್ ಸ್ಪ್ರಿಂಗ್ ಸ್ಲೈಡನ್ನು ಮುಂದಕ್ಕೆ ತಳ್ಳುತ್ತದೆ, ಹೋಗುವ ದಾರಿಯಲ್ಲಿ ಅದು ಮ್ಯಾಗಜೀನಿನ ಮೇಲಿನ ತೋಟಾವನ್ನು ಕಿತ್ತು ಚೇಂಬರಿಗೆ ತುಂಬುತ್ತದೆ. ಇಷ್ಟೂ ಕಣ್ಣು ಮಿಟುಕಿಸುವುದರೊಳಗೆ.

ಈ ಇಡೀ ಆಟ ಸಮತೋಲನದ್ದು. ತೋಟಾದ ಬಲ, ಸ್ಲೈಡಿನ ತೂಕ, ರಿಕಾಯಿಲ್ ಸ್ಪ್ರಿಂಗಿನ ಗಟ್ಟಿತನ, ಮ್ಯಾಗಜೀನ್ ಸ್ಪ್ರಿಂಗಿನ ವೇಗ, ನಿಮ್ಮ ಮುಂಗೈ ಹಿಡಿತ. ಒಂದನ್ನು ಬದಲಿಸಿದರೆ ಉಳಿದದ್ದೆಲ್ಲ ಅಲುಗಾಡುತ್ತದೆ. ಕಾರ್ಖಾನೆಯವರು ಅಗ್ಗದ ಪಿಸ್ತೂಲಿನಲ್ಲಿ ಉಳಿತಾಯ ಮಾಡುವುದು ಸಾಮಾನ್ಯವಾಗಿ ಮೇಲ್ಮೈ ನಯಗೊಳಿಸುವುದರಲ್ಲಿ, ಸೈಟುಗಳಲ್ಲಿ, ಟ್ರಿಗರ್ ಹಿತದಲ್ಲಿ. ಈ ಸಮತೋಲನವನ್ನು ಮಾತ್ರ ಅವರು ಲೆಕ್ಕ ಹಾಕಿಯೇ ಕೊಟ್ಟಿರುತ್ತಾರೆ. ಅದನ್ನು ನಾವು ಕೆಡಿಸುವುದು ಬಹಳ ಸುಲಭ.

ಎಲ್ಲ ಅಗ್ಗದ ಪಿಸ್ತೂಲೂ ಹೀಗೇ ಅಲ್ಲ. ಹೈ-ಪಾಯಿಂಟ್ ಸಿ9 ನೇರ ಬ್ಲೋಬ್ಯಾಕ್. ಅದರಲ್ಲಿ ಬ್ಯಾರೆಲ್ ಅಲುಗಾಡುವುದಿಲ್ಲ, ಸ್ಲೈಡಿನ ತೂಕ ಮತ್ತು ಸ್ಪ್ರಿಂಗೇ ಒತ್ತಡವನ್ನು ತಡೆಯುತ್ತವೆ. ಅದಕ್ಕೇ ಸ್ಲೈಡ್ ಅಷ್ಟು ದಪ್ಪ, ಅಷ್ಟು ಭಾರ. ಅದನ್ನು ಬಿಚ್ಚಲು ಒಂದು ರೋಲ್ ಪಿನ್ ಹೊಡೆದು ತೆಗೆಯಬೇಕು, ಅಂದರೆ ಕ್ಲೀನಿಂಗ್ ಕೊಂಚ ಕಿರಿಕಿರಿ. ಟಾರಸ್ ಜಿ3, ರೂಗರ್ ಸೆಕ್ಯೂರಿಟಿ-9, ಸ್ಮಿತ್ ಅಂಡ್ ವೆಸನ್ ಎಸ್‌ಡಿ9, ಕ್ಯಾನಿಕ್ ಟಿಪಿ9 ಇವೆಲ್ಲ ವಾಲುವ ಬ್ಯಾರೆಲಿನವು. ಅಪ್‌ಗ್ರೇಡ್ ಮಾಡುವ ಆಸೆ ಇದ್ದರೆ ಕೊಳ್ಳುವ ಮೊದಲೇ ಆ ಮಾಡೆಲಿಗೆ ಮ್ಯಾಗಜೀನ್, ಹೋಲ್ಸ್ಟರ್ (ಪಿಸ್ತೂಲು ಇಡುವ ಒರೆ), ಸೈಟ್, ಸ್ಪ್ರಿಂಗ್ ಸಿಗುತ್ತವಾ ನೋಡಿ. ಪಿಸ್ತೂಲು ಅಗ್ಗಕ್ಕೆ ಸಿಕ್ಕಿತು, ಮ್ಯಾಗಜೀನ್ ಮಾತ್ರ ಎಲ್ಲೂ ಸಿಗದು ಅಂದರೆ ಅದು ಅಗ್ಗ ಅಲ್ಲ.

ಹಳೆಯದನ್ನು ಕೊಳ್ಳುವಾಗ

ಸ್ಲೈಡ್ ಬಿಚ್ಚಿ ನೋಡಲು ಬಿಡದವರ ಹತ್ತಿರ ಕೊಳ್ಳಲೇಬೇಡಿ. ಬ್ಯಾರೆಲ್ ಬಿಚ್ಚಿ ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿಯಿರಿ. ಒಳಗೆ ಒಂದು ಉಂಗುರದಂತೆ ಕಪ್ಪು ನೆರಳು ಕಂಡರೆ ಅಲ್ಲಿ ಬ್ಯಾರೆಲ್ ಉಬ್ಬಿದೆ, ಯಾವತ್ತೋ ಸಿಕ್ಕಿಹಾಕಿಕೊಂಡ ಗುಂಡಿನ ಹಿಂದೆ ಇನ್ನೊಂದು ಹೊಡೆದಿದ್ದಾರೆ ಅಂತ ಅರ್ಥ. ಕೈಮುಗಿದು ವಾಪಸ್ ಕೊಡಿ. ಕೇಸ್ ಹೊರಬೀಳುವ ಕಿಂಡಿಯ ಮೂಲೆಗಳಲ್ಲಿ ಸ್ಲೈಡಿಗೆ ಬಿರುಕು ಬಿಟ್ಟಿದೆಯಾ, ಫೈರಿಂಗ್ ಪಿನ್ನಿನ ರಂಧ್ರ ಅಗಲವಾಗಿದೆಯಾ, ಎಕ್ಸ್‌ಟ್ರಾಕ್ಟರಿನ ಕೊಕ್ಕೆ ಮೊನೆ ಮುರಿದಿದೆಯಾ, ತೋಟಾ ಚೇಂಬರಿಗೆ ಜಾರಿ ಹೋಗುವ ಇಳಿಜಾರಾದ ಫೀಡ್ ರ್‍ಯಾಂಪನ್ನು ಯಾರಾದರೂ ಡ್ರೆಮೆಲ್ ಯಂತ್ರ ಹಾಕಿ ಉಜ್ಜಿದ್ದಾರಾ ನೋಡಿ. ಕೊನೆಯದು ಕಂಡರೆ ನಾನಂತೂ ಮುಟ್ಟುವುದಿಲ್ಲ. ರ್‍ಯಾಂಪ್ ಹೊಳೆಯುವುದು ಬೇರೆ, ಅದರ ಕೋನ ಬದಲಾಗುವುದು ಬೇರೆ.

ಸ್ಪ್ರಿಂಗ್ ಪರೀಕ್ಷೆ ಸರಳ. ಖಾಲಿ ಪಿಸ್ತೂಲಿನ ಬಾಯಿಯನ್ನು ಸುರಕ್ಷಿತ ದಿಕ್ಕಿನಲ್ಲಿ ಮೇಲಕ್ಕೆ ಮಾಡಿ, ಸ್ಲೈಡನ್ನು ಎಳೆದು, ಕೈಯಲ್ಲಿ ಹಿಡಿದೇ ನಿಧಾನಕ್ಕೆ ಮುಂದೆ ಬಿಡಿ. ಕೊನೆಯ ತನಕ ತಾನಾಗಿ ಹೋಗಿ ಮುಚ್ಚಿಕೊಳ್ಳಬೇಕು. ಅರ್ಧಕ್ಕೆ ನಿಂತರೆ ಸ್ಪ್ರಿಂಗ್ ಸೋತಿದೆ ಅಥವಾ ಒಳಗೆ ಕೊಳೆ ಇದೆ.

ಸೀರಿಯಲ್ ನಂಬರನ್ನು ತಯಾರಕರ ಹತ್ತಿರ ಪರಿಶೀಲಿಸುವುದನ್ನು ಮರೆಯಬೇಡಿ. ಇದು ಅಗ್ಗದವಕ್ಕೆ ಮಾತ್ರ ಅನ್ನಬೇಡಿ. ರೂಗರ್ 2008ರಲ್ಲಿ ಎಸ್‌ಆರ್9 ಪಿಸ್ತೂಲನ್ನು ವಾಪಸ್ ಕರೆಸಿಕೊಂಡಿತು, ಸಿಗ್ ಸಾವರ್ 2017ರಲ್ಲಿ ಪಿ320ಕ್ಕೆ ಉಚಿತ ಬದಲಾವಣೆ ಘೋಷಿಸಿತು. ಎರಡರಲ್ಲೂ ಪ್ರಶ್ನೆ ಇದ್ದದ್ದು ಕೆಳಗೆ ಬಿದ್ದಾಗ ಗುಂಡು ಹಾರುವ ಅಪಾಯದ್ದು. ಹಿಂದಿನ ಮಾಲೀಕ ಆ ಕೆಲಸ ಮಾಡಿಸಿದ್ದಾನೋ ಇಲ್ಲವೋ ನಿಮಗೆ ಗೊತ್ತಿರುವುದಿಲ್ಲ, ಅಲ್ವಾ?

ಮೊದಲ 200 ತೋಟಾ

ಹೊಸ ಪಿಸ್ತೂಲು ಡಬ್ಬಿಯಿಂದ ತೆಗೆದ ತಕ್ಷಣ ರೇಂಜಿಗೆ ಹೋಗಬೇಡಿ. ಅದರ ಮೇಲೆ ಇರುವುದು ತುಕ್ಕು ಹಿಡಿಯದಿರಲಿ ಅಂತ ಹಚ್ಚಿದ ಎಣ್ಣೆ, ಸರಾಗ ಓಡಾಡಲು ಹಚ್ಚಿದ್ದಲ್ಲ. ಒರೆಸಿ ತೆಗೆದು ಹೊಸದಾಗಿ ಹಚ್ಚಿ. ಸ್ಲೈಡ್ ಜಾರುವ ಹಳಿಗಳಿಗೆ ಒಂದೊಂದು ಹನಿ, ಬ್ಯಾರೆಲ್ ಹೊರಮೈ ಸ್ಲೈಡಿಗೆ ಉಜ್ಜುವಲ್ಲಿ ತೆಳುವಾಗಿ, ಬ್ಯಾರೆಲ್ ಕೆಳಗೆ ಲಾಕ್ ಆಗುವ ಜಾಗದಲ್ಲಿ ಸ್ವಲ್ಪ. ಸ್ಟ್ರೈಕರ್ ಓಡಾಡುವ ಕೊಳವೆ ಮಾತ್ರ ಒಣಗಿರಲಿ. ಅಲ್ಲಿ ಎಣ್ಣೆ ಹೋದರೆ ಮಸಿ ಅಂಟಿ ಕೆಸರಾಗಿ, ಪಿನ್ ಸರಿಯಾಗಿ ಬಡಿಯದೆ ಪ್ರೈಮರ್ (ತೋಟಾದ ತಳದಲ್ಲಿ ಏಟಿಗೆ ಹೊತ್ತುವ ಪುಟ್ಟ ಮದ್ದು) ಹೊತ್ತುವುದಿಲ್ಲ.

ಆಮೇಲೆ ಸುಮಾರು 200 ತೋಟಾ, ಪಿಸ್ತೂಲಿನೊಡನೆ ಬಂದ ಎಲ್ಲ ಮ್ಯಾಗಜೀನಿನಲ್ಲೂ ಹಂಚಿ ಹೊಡೆಯಿರಿ. ಪ್ರತಿ ಮ್ಯಾಗಜೀನಿಗೆ ಪೇಂಟ್ ಪೆನ್ನಿನಲ್ಲಿ ನಂಬರ್ ಬರೆದಿಡಿ. ಇದು ಪುಕ್ಕಟೆ ಅಪ್‌ಗ್ರೇಡ್, ಆದರೂ ಇದಕ್ಕಿಂತ ಉಪಯೋಗದ್ದು ಇನ್ನೊಂದಿಲ್ಲ. ಜಾಮ್ ಆದಾಗೆಲ್ಲ ಯಾವ ಮ್ಯಾಗಜೀನ್, ಎಷ್ಟನೇ ತೋಟಾ, ಯಾವ ತರದ ಜಾಮ್ ಅಂತ ಒಂದು ಚೀಟಿಯಲ್ಲಿ ಗುರುತು ಹಾಕಿಕೊಳ್ಳಿ. ಎಲ್ಲ ಜಾಮೂ 2ನೇ ನಂಬರಿನಲ್ಲೇ ಆಗುತ್ತಿದ್ದರೆ ದೋಷ ಪಿಸ್ತೂಲಿನದಲ್ಲ, ಆ ಮ್ಯಾಗಜೀನಿನದು. ಅದರ ಮೇಲಂಚಿನ ತುಟಿ ಬಗ್ಗಿರಬಹುದು, ಸ್ಪ್ರಿಂಗ್ ತಿರುಗುಮುರುಗಾಗಿ ಕೂತಿರಬಹುದು.

ಜಾಮ್ ಓದುವುದು ಕಲಿಯಿರಿ. ಖಾಲಿ ಕೇಸ್ ಕಿಂಡಿಯಲ್ಲಿ ಹೊಗೆಗೊಳವೆಯ ಹಾಗೆ ನೆಟ್ಟಗೆ ಸಿಕ್ಕಿಕೊಂಡರೆ ಮೊದಲು ನಿಮ್ಮ ಮುಂಗೈ ನೋಡಿಕೊಳ್ಳಿ, ಸಡಿಲ ಹಿಡಿತದಲ್ಲಿ ಇಡೀ ಪಿಸ್ತೂಲೇ ಹಿಂದೆ ಹೋಗಿ ಸ್ಲೈಡಿಗೆ ಓಡಲು ಬಲ ಸಾಲುವುದಿಲ್ಲ. ಹಗುರ ಪಾಲಿಮರ್ ಪಿಸ್ತೂಲಿನಲ್ಲಿ ಇದು ಜಾಸ್ತಿ. ಹಿಡಿತ ಸರಿ ಇದ್ದೂ ಹಾಗಾದರೆ ಎಕ್ಸ್‌ಟ್ರಾಕ್ಟರ್ ಕೆಳಗಿನ ಕೊಳೆ ತೆಗೆಯಿರಿ. ಖಾಲಿ ಕೇಸ್ ಹೊರಗೆ ಬರದೆ ಅದರ ಹಿಂದೆ ಇನ್ನೊಂದು ತೋಟಾ ನುಗ್ಗಿದರೆ ಸುಮ್ನೆ ಸ್ಲೈಡ್ ಎಳೆದಾಡಬೇಡಿ. ಸ್ಲೈಡ್ ಲಾಕ್ ಮಾಡಿ, ಮ್ಯಾಗಜೀನ್ ಕಿತ್ತು ತೆಗೆದು, ಆಮೇಲೆ ಎಳೆಯಿರಿ. ತೋಟಾದ ಮೂತಿ ರ್‍ಯಾಂಪಿಗೆ ಗುದ್ದಿ ನಿಂತರೆ ಮ್ಯಾಗಜೀನ್ ಅಥವಾ ಆ ಬ್ರ್ಯಾಂಡಿನ ಗುಂಡಿನ ಆಕಾರ ಕಾರಣ.

ಎರಡು ಸಂದರ್ಭದಲ್ಲಿ ಮಾತ್ರ ಕೈ ತಡೆಯಿರಿ. ಟ್ರಿಗರ್ ಒತ್ತಿದಿರಿ, ಏನೂ ಆಗಲಿಲ್ಲ: ಬಾಯಿಯನ್ನು ಗುರಿಯ ಕಡೆಗೇ ಹಿಡಿದು 30 ಸೆಕೆಂಡ್ ಕಾಯಿರಿ, ಕೆಲವು ಸಲ ಪ್ರೈಮರ್ ತಡವಾಗಿ ಹೊತ್ತುತ್ತದೆ. ಇನ್ನೊಂದು, ಢಂ ಅನ್ನಬೇಕಾದದ್ದು ಠುಸ್ ಅಂದರೆ ಅಲ್ಲಿಗೇ ನಿಲ್ಲಿಸಿ. ಗುಂಡು ಬ್ಯಾರೆಲಿನಲ್ಲೇ ಕೂತಿರಬಹುದು. ಪಿಸ್ತೂಲು ಖಾಲಿ ಮಾಡಿ, ಬಿಚ್ಚಿ, ಬ್ಯಾರೆಲ್ ಒಳಗೆ ಬೆಳಕು ಕಾಣುವ ತನಕ ಮುಂದಿನದನ್ನು ಹೊಡೆಯಬೇಡಿ.

ತೋಟಾ ಬಗ್ಗೆ

9 ಮಿ.ಮೀ. ಅಂತ ಬರೆದದ್ದೆಲ್ಲ ಒಂದೇ ಅಲ್ಲ. 9×19 ಅಂದರೆ ಪ್ಯಾರಾಬೆಲಂ ಅಥವಾ ಲ್ಯೂಗರ್, 9×18 ಅಂದರೆ ಮಕರೋವ್, 9×17 ಅಂದರೆ .380. ಮಕರೋವ್ ಗುಂಡು ಲ್ಯೂಗರ್‌ಗಿಂತ ಸುಮಾರು ಕಾಲು ಮಿ.ಮೀ. ದಪ್ಪ. ಬ್ಯಾರೆಲ್ ಮೇಲೆ ಏನು ಕೆತ್ತಿದೆಯೋ ಡಬ್ಬಿ ಮೇಲೂ ಅದೇ ಇರಬೇಕು. ಗುಂಡಿನ ತೂಕ ಗ್ರೇನ್‌ಗಳಲ್ಲಿ ಇರುತ್ತದೆ: 115, 124, 147 ಇವು ಸಾಮಾನ್ಯ, ಗ್ರಾಂ ಲೆಕ್ಕದಲ್ಲಿ ಸುಮಾರು 7.5, 8 ಮತ್ತು 9.5. ಹೊಸ ಪಿಸ್ತೂಲು ಬಿಗಿಯಾಗಿದ್ದರೆ 124 ಹೆಚ್ಚು ಸರಾಗ ಓಡುವುದುಂಟು. ಎರಡು ಮೂರು ಬಗೆ ಹೊಡೆದು ನೋಡಿ, ಒಪ್ಪಿದ್ದನ್ನು ಜಾಸ್ತಿ ತೆಗೆದುಕೊಳ್ಳಿ.

ಡಬ್ಬಿಯ ಮೇಲೆ +ಪಿ ಅಂತ ಇದ್ದರೆ ಒತ್ತಡ ಹೆಚ್ಚು. ಅಮೆರಿಕದ ಬಂದೂಕು, ತೋಟಾ ತಯಾರಕರ ಸಂಸ್ಥೆಯಾದ ಸಾಮಿಯ (SAAMI) ಮಾನದಂಡದಲ್ಲಿ ಮಾಮೂಲಿ 9 ಮಿ.ಮೀ.ಗೆ ಮಿತಿ 35,000 ಪಿಎಸ್‌ಐ, +ಪಿಗೆ 38,500 (ಪಿಎಸ್‌ಐ ಅಂದರೆ ಚದರ ಇಂಚಿಗೆ ಪೌಂಡ್). ಮ್ಯಾನ್ಯುಯಲ್ ಒಪ್ಪಿದರೆ ಮಾತ್ರ ಬಳಸಿ, ಆಗಲೂ ದಿನಾ ಅದನ್ನೇ ಹೊಡೆದರೆ ಸ್ಪ್ರಿಂಗ್ ಬೇಗ ಸೋಲುತ್ತದೆ. ಇನ್ನೊಂದು, ಅದೇ ತೋಟಾವನ್ನು ಮತ್ತೆ ಮತ್ತೆ ಚೇಂಬರಿಗೆ ತುಂಬಿ ತೆಗೆಯುವ ಅಭ್ಯಾಸ ಇದ್ದರೆ ಬಿಡಿ. ಪ್ರತಿ ಸಲವೂ ಮೂತಿ ರ್‍ಯಾಂಪಿಗೆ ಗುದ್ದಿ ಗುಂಡು ಕೇಸಿನೊಳಗೆ ಕೊಂಚ ಕೊಂಚವೇ ಕುಸಿಯುತ್ತದೆ, ಒಳಗಿನ ಜಾಗ ಕಡಿಮೆಯಾಗಿ ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು. ಹೊಸ ತೋಟಾದ ಪಕ್ಕ ಇಟ್ಟು ನೋಡಿ, ಗಿಡ್ಡ ಕಂಡರೆ ಬಳಸಬೇಡಿ.

ಈಗ ಅಪ್‌ಗ್ರೇಡ್

ನಿಯಮ ಒಂದೇ: ಒಂದು ಸಲಕ್ಕೆ ಒಂದೇ ಭಾಗ ಬದಲಿಸಿ, ರೇಂಜಿನಲ್ಲಿ ಹೊಡೆದು ನೋಡಿ, ಆಮೇಲೆ ಮುಂದಿನದು. ಸ್ಪ್ರಿಂಗ್, ಟ್ರಿಗರ್, ಮ್ಯಾಗಜೀನ್ ಮೂರನ್ನೂ ಒಂದೇ ಸಂಜೆ ಬದಲಿಸಿ ಮರುದಿನ ಜಾಮ್ ಆದರೆ ಯಾರನ್ನು ಬೈಯುತ್ತೀರಿ?

ಮ್ಯಾಗಜೀನ್ ಮೊದಲು. ತಯಾರಕರದ್ದೇ ಕೊಳ್ಳಿ. ಬೇರೆ ಕಂಪನಿಯ ಅಗ್ಗದ ಮ್ಯಾಗಜೀನಿನಲ್ಲಿ ಉಳಿಸಿದ ದುಡ್ಡು ತಲೆನೋವಿನಲ್ಲಿ ವಾಪಸ್ ಹೋಗುತ್ತದೆ. ಒಟ್ಟು ನಾಲ್ಕು ಇದ್ದರೆ ಅಭ್ಯಾಸಕ್ಕೆ ಆರಾಮ. ತುಂಬಿಟ್ಟರೆ ಸ್ಪ್ರಿಂಗ್ ಹಾಳಾಗುತ್ತದೆ ಅನ್ನುವ ಭಯ ಅನೇಕರಿಗಿದೆ. ನಿಜವಾಗಿ ಸ್ಪ್ರಿಂಗನ್ನು ಸವೆಸುವುದು ಮುಖ್ಯವಾಗಿ ತುಂಬಿ ಖಾಲಿ ಮಾಡುವ ಓಡಾಟ.

ಬದಲಿಸುವ ಭಾಗಗಳಲ್ಲಿ ರಿಕಾಯಿಲ್ ಸ್ಪ್ರಿಂಗ್ ಎರಡನೆಯದು. ಮ್ಯಾನ್ಯುಯಲಿನಲ್ಲಿ ಎಷ್ಟು ಹೇಳಿದ್ದಾರೋ ಅಷ್ಟಕ್ಕೆ ಬದಲಿಸಿ. ಏನೂ ಹೇಳದಿದ್ದರೆ 3,000ದಿಂದ 5,000 ತೋಟಾಕ್ಕೊಮ್ಮೆ ಅನ್ನುವುದು ರೂಢಿ, ಸಣ್ಣ ಗಾತ್ರದ ಪಿಸ್ತೂಲಿಗೆ ಅದಕ್ಕಿಂತ ಬೇಗ. ಅದೇ ಬಲದ್ದನ್ನೇ ಹಾಕಿ. ಗಟ್ಟಿ ಸ್ಪ್ರಿಂಗ್ ಹಾಕಿದರೆ ಹೊಡೆತ ಕಡಿಮೆ ಅನ್ನುವವರಿದ್ದಾರೆ, ಆದರೆ ಸ್ಲೈಡ್ ಪೂರ್ತಿ ಹಿಂದೆ ಹೋಗದೆ ಕೇಸ್ ಸಿಕ್ಕಿಕೊಳ್ಳುತ್ತದೆ, ಮುಂದೆ ಬರುವಾಗ ಬಾಯಿ ಕೆಳಕ್ಕೆ ಕುಕ್ಕುತ್ತದೆ. ಮೆದುವಾದದ್ದು ಹಾಕಿದರೆ ಫ್ರೇಮಿಗೆ ಏಟು. ಪ್ಲಾಸ್ಟಿಕ್ ಗೈಡ್ ರಾಡ್ (ಆ ಸ್ಪ್ರಿಂಗಿನೊಳಗಿನ ಕಡ್ಡಿ) ತೆಗೆದು ಸ್ಟೀಲಿನದು ಹಾಕುವುದು ಕಣ್ಣಿಗೆ ಚೆಂದ. ಗುರಿ ಅದರಿಂದ ಸುಧಾರಿಸುವುದಿಲ್ಲ.

ಸೈಟಿನಲ್ಲಿ ಹಾಕಿದ ದುಡ್ಡು ಮಾತ್ರ ಕೂಡಲೇ ಕಾಣುತ್ತದೆ. ಕೆಲವು ಅಗ್ಗದ ಪಿಸ್ತೂಲಿನ ಸೈಟುಗಳು ಪ್ಲಾಸ್ಟಿಕ್, ಹೋಲ್ಸ್ಟರಿಗೆ ಉಜ್ಜಿ ಸವೆಯುತ್ತವೆ. ಬದಲಿಸುವ ಮೊದಲು ಲೆಕ್ಕ ಹಾಕಿ. ಆಸರೆ ಕೊಟ್ಟು, ಒಂದೇ ಬಗೆಯ ತೋಟಾದಲ್ಲಿ 15 ಮೀಟರಿನಿಂದ ಐದೈದು ಗುಂಡಿನ ಕೆಲವು ಗುಂಪು ಹೊಡೆಯಿರಿ. ಗುಂಪಿನ ನಡುಭಾಗ ಗುರಿಯಿಂದ ಎಷ್ಟು ದೂರ ಇದೆ ಅಳೆಯಿರಿ. ಆ ದೂರವನ್ನು ಹಿಂದಿನ ಮತ್ತು ಮುಂದಿನ ಸೈಟಿನ ನಡುವಿನ ಅಂತರದಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸಿ, ಎಲ್ಲವೂ ಮಿ.ಮೀ.ನಲ್ಲಿ. ಉದಾಹರಣೆಗೆ ಸೈಟುಗಳ ಅಂತರ 150 ಮಿ.ಮೀ., ಗುಂಪು 50 ಮಿ.ಮೀ. ಕೆಳಗೆ, ದೂರ 15,000 ಮಿ.ಮೀ. ಅಂದರೆ ಬದಲಾವಣೆ 0.5 ಮಿ.ಮೀ. ಮುಂದಿನ ಸೈಟ್ ಅರ್ಧ ಮಿ.ಮೀ. ಗಿಡ್ಡ ಆದರೆ ಗುಂಪು ಮೇಲೆ ಬರುತ್ತದೆ, ಎತ್ತರ ಆದರೆ ಕೆಳಗೆ ಹೋಗುತ್ತದೆ. ಎಡಬಲ ಸರಿಮಾಡಲು ಹಿಂದಿನ ಸೈಟನ್ನು ಗುಂಪು ಯಾವ ಕಡೆ ಹೋಗಬೇಕೋ ಆ ಕಡೆಗೇ ಸರಿಸಿ. ಒಂದು ಎಚ್ಚರ: ಬಲಗೈಯವರ ಗುಂಡು ಕೆಳಗೆ ಎಡಕ್ಕೆ ಬೀಳುತ್ತಿದ್ದರೆ ಹೆಚ್ಚಿನ ಸಲ ಅದು ಟ್ರಿಗರ್ ಎಳೆಯುವಾಗಿನ ಕೈ ಎಳೆತ, ಸೈಟಿನ ತಪ್ಪಲ್ಲ. ಪಳಗಿದ ಇನ್ನೊಬ್ಬರ ಕೈಯಲ್ಲಿ ಹೊಡೆಸಿ ನೋಡದೆ ಸುತ್ತಿಗೆ ಎತ್ತಬೇಡಿ.

ಸೈಟ್ ತೆಗೆಯಲು ಸೈಟ್ ಪುಷರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ನೈಲಾನ್ ಅಥವಾ ಹಿತ್ತಾಳೆ ಪಂಚ್, ಸ್ಲೈಡಿಗೆ ಬಟ್ಟೆ ಸುತ್ತಿ ವೈಸಿನಲ್ಲಿ ಹಿಡಿದು, ಹಳೆಯ ಜಾಗಕ್ಕೆ ಪೆನ್ಸಿಲ್ ಗೆರೆ ಹಾಕಿಕೊಂಡು. ಯಾವ ಕಡೆಯಿಂದ ಬಡಿದು ತೆಗೆಯಬೇಕು ಅಂತ ನಿಮ್ಮ ಮಾಡೆಲಿಗೆ ಖಚಿತ ಮಾಡಿಕೊಳ್ಳಿ. ಕೆಲವು ಪಿಸ್ತೂಲಿನಲ್ಲಿ ಹಿಂದಿನ ಸೈಟಿನ ಕೆಳಗೇ ಫೈರಿಂಗ್ ಪಿನ್ ತಡೆಯುವ ಸಣ್ಣ ಸ್ಪ್ರಿಂಗ್ ಕೂತಿರುತ್ತದೆ, ಹಾರಿ ಹೋದರೆ ನೆಲವೆಲ್ಲ ಗುಡಿಸಬೇಕು.

ರೆಡ್ ಡಾಟ್, ಅಂದರೆ ಗಾಜಿನಲ್ಲಿ ಕೆಂಪು ಚುಕ್ಕೆ ತೋರಿಸುವ ಸೈಟ್, ಬೇಕಾ? ಸ್ಲೈಡಿನಲ್ಲಿ ಕಾರ್ಖಾನೆಯೇ ಜಾಗ ಕೊರೆದು ಕೊಟ್ಟಿದ್ದರೆ ಹಾಕಿಸಿ. ಇಲ್ಲದಿದ್ದರೆ ಸ್ಲೈಡ್ ಕೊರೆಸುವ ಕೂಲಿ ಮತ್ತು ಒಳ್ಳೆಯ ಡಾಟಿನ ಬೆಲೆ ಸೇರಿ ಪಿಸ್ತೂಲಿನ ಬೆಲೆಯನ್ನೇ ದಾಟಬಹುದು. 3 ಎಂಒಎ (ಒಂದು ಎಂಒಎ ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ) ಚುಕ್ಕೆ 25 ಮೀಟರಿನಲ್ಲಿ ಸುಮಾರು 22 ಮಿ.ಮೀ. ಮುಚ್ಚುತ್ತದೆ, ಅಷ್ಟು ಸಾಕು. ತಿರುಪುಗಳಿಗೆ ನೀಲಿ ಥ್ರೆಡ್ ಲಾಕರ್ (ತಿರುಪು ಸಡಿಲಾಗದಂತೆ ಹಿಡಿಯುವ ಅಂಟು) ಹಾಕಿ, ತಯಾರಕರು ಹೇಳಿದ ಟಾರ್ಕಿಗೇ ಬಿಗಿಯಿರಿ.

ಹಿಡಿಕೆಗೆ ಗ್ರಿಪ್ ಟೇಪ್ ಅಥವಾ ರಬ್ಬರ್ ಕವಚ ಹಾಕಿ. ಅಗ್ಗ, ಇಷ್ಟವಾಗದಿದ್ದರೆ ಕಿತ್ತು ಹಾಕಬಹುದು. ಬಿಸಿ ಕಬ್ಬಿಣದಲ್ಲಿ ಫ್ರೇಮ್ ಸುಟ್ಟು ಒರಟು ಮಾಡುವುದನ್ನು ವಾಪಸ್ ತಿರುಗಿಸಲಾಗದು, ವಾರಂಟಿಯೂ ಹೋದೀತು.

ಹೋಲ್ಸ್ಟರ್ ನಿಮ್ಮ ಮಾಡೆಲಿಗೇ ಅಚ್ಚು ಹಾಕಿದ್ದಾಗಿರಬೇಕು, ಟ್ರಿಗರ್ ಪೂರ್ತಿ ಮುಚ್ಚಬೇಕು. ಮೆತ್ತಗಿನ, ಎಲ್ಲಕ್ಕೂ ಆಗುತ್ತದೆ ಅನ್ನುವ ಬಟ್ಟೆ ಹೋಲ್ಸ್ಟರ್ ಬೇಡ. ಚರ್ಮದ್ದು ಚೆಂದ, ಆದರೆ ಪಿಸ್ತೂಲನ್ನು ಅದರಲ್ಲೇ ಇಟ್ಟು ತಿಂಗಳುಗಟ್ಟಲೆ ಬಿಟ್ಟರೆ ಚರ್ಮ ತೇವ ಹಿಡಿದು ತುಕ್ಕು ತರಿಸುತ್ತದೆ.

ಇನ್ನು ಟ್ರಿಗರ್. ಒಳಗಿನ ಸ್ಪ್ರಿಂಗ್ ಮೆದು ಮಾಡಿ ಎಳೆತ ಹಗುರ ಮಾಡುವ ಕಿಟ್‌ಗಳು ಬೇಕಾದಷ್ಟಿವೆ. ಸ್ಟ್ರೈಕರ್ ಸ್ಪ್ರಿಂಗ್ ಮೆದುವಾದರೆ ಪ್ರೈಮರಿಗೆ ಬೀಳುವ ಏಟೂ ಮೆದು, ಗಟ್ಟಿ ಪ್ರೈಮರಿನ ತೋಟಾ ಹೊತ್ತುವುದೇ ಇಲ್ಲ. ಅದಕ್ಕಿಂತ ದೊಡ್ಡ ಅಪಾಯ ಸಿಯರ್ (ಟ್ರಿಗರ್ ಒತ್ತುವವರೆಗೆ ಸ್ಟ್ರೈಕರನ್ನು ತಡೆದಿಡುವ ಭಾಗ) ಹಿಡಿಯುವ ಅಂಚನ್ನು ಮನೆಯಲ್ಲಿ ಉಜ್ಜುವುದು. ಕೂದಲೆಳೆಯಷ್ಟು ಜಾಸ್ತಿ ಉಜ್ಜಿದರೂ ಪಿಸ್ತೂಲು ಕೆಳಗೆ ಬಿದ್ದಾಗ ಅಥವಾ ಸ್ಲೈಡ್ ಮುಚ್ಚಿದಾಗ ತಾನಾಗಿ ಹಾರಬಹುದು. ಆ ಕೆಲಸ ಗನ್‌ಸ್ಮಿತ್‌ಗೆ ಬಿಡಿ. 25 ಮೀಟರ್ ಪಿಸ್ತೂಲ್ ಸ್ಪರ್ಧೆಯಲ್ಲೇ ಅಂತಾರಾಷ್ಟ್ರೀಯ ಶೂಟಿಂಗ್ ಸಂಸ್ಥೆ ಐಎಸ್‌ಎಸ್‌ಎಫ್ ಕನಿಷ್ಠ 1,000 ಗ್ರಾಂ ಎಳೆತ ಇರಲೇಬೇಕು ಅನ್ನುತ್ತದೆ. ಸೊಂಟದಲ್ಲಿ ಇಟ್ಟುಕೊಳ್ಳುವ ಪಿಸ್ತೂಲಿಗೆ ಅದಕ್ಕಿಂತ ಬಹಳ ಜಾಸ್ತಿ ಇರುವುದೇ ಕ್ಷೇಮ.

ಟ್ರಿಗರಿಗೆ ಇಟ್ಟ ದುಡ್ಡಲ್ಲಿ ಒಂದು ಪ್ಯಾಕೆಟ್ ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ಹುಸಿ ತೋಟಾ) ತನ್ನಿ. ಖಾಲಿ ಪಿಸ್ತೂಲು, ಗುಂಡು ತಡೆಯುವ ಗೋಡೆಯ ಕಡೆ ಬಾಯಿ, ಕೋಣೆಯಲ್ಲಿ ತೋಟಾ ಇಲ್ಲ, ದಿನಾ ಹತ್ತು ನಿಮಿಷ ಸೈಟ್ ಅಲುಗದಂತೆ ಟ್ರಿಗರ್ ಒತ್ತುವ ಅಭ್ಯಾಸ. ಒರಟು ಟ್ರಿಗರ್ ಎಷ್ಟೋ ಸಲ ಇದರಲ್ಲೇ ನಯವಾಗುತ್ತದೆ, ನಿಮ್ಮ ಬೆರಳಂತೂ ಆಗಿಯೇ ಆಗುತ್ತದೆ.

ಬಿಚ್ಚಿ ಜೋಡಿಸಿದ ಮೇಲೆ

ಪ್ರತಿ ಸಲವೂ, ಖಾಲಿ ಎಂದು ಖಚಿತವಾದ ಮೇಲೆ, ಈ ಪರೀಕ್ಷೆ ಮಾಡಿ. ಸ್ಲೈಡ್ ಎಳೆದು ಬಿಡಿ, ಟ್ರಿಗರ್ ಒತ್ತಿ, ಕ್ಲಿಕ್ ಅನ್ನಬೇಕು. ಟ್ರಿಗರ್ ಒತ್ತಿ ಹಿಡಿದುಕೊಂಡೇ ಸ್ಲೈಡ್ ಮತ್ತೆ ಎಳೆದು ಬಿಡಿ, ಆಗ ಕ್ಲಿಕ್ ಅನ್ನಬಾರದು. ಬೆರಳು ನಿಧಾನ ಸಡಿಲಿಸಿದಾಗ ರೀಸೆಟ್ ಆದದ್ದು, ಅಂದರೆ ಟ್ರಿಗರ್ ಮತ್ತೆ ಸಜ್ಜಾದದ್ದು, ಕೈಗೆ ತಿಳಿಯಬೇಕು, ಆಮೇಲೆ ಒತ್ತಿದರೆ ಮತ್ತೆ ಕ್ಲಿಕ್. ಸೇಫ್ಟಿ ಇದ್ದರೆ ಹಾಕಿ ಒತ್ತಿ, ಏನೂ ಆಗಬಾರದು. ಖಾಲಿ ಮ್ಯಾಗಜೀನ್ ಹಾಕಿ ಎಳೆದರೆ ಸ್ಲೈಡ್ ತೆರೆದು ನಿಲ್ಲಬೇಕು, ನಿಮ್ಮ ಮಾಡೆಲಿನಲ್ಲಿ ಆ ಸೌಲಭ್ಯ ಇದ್ದರೆ. ಒಂದು ತಪ್ಪಿದರೂ ತೋಟಾ ತುಂಬಬೇಡಿ.

ಕ್ಲೀನಿಂಗಿಗೆ ವಿಶೇಷ ಏನೂ ಬೇಡ: ಸಾಲ್ವೆಂಟ್, ತಾಮ್ರದ ಬ್ರಷ್, ಬಟ್ಟೆ ಚೂರು, ಎಣ್ಣೆ. ಬ್ರಷ್ ಸಾಧ್ಯವಾದರೆ ಚೇಂಬರ್ ಕಡೆಯಿಂದ ಹೋಗಲಿ. ಪೂರ್ವ ಯೂರೋಪಿನ ಹಳೆಯ ಮಿಲಿಟರಿ ದಾಸ್ತಾನಿನ ತೋಟಾ ಹೊಡೆದಿದ್ದರೆ ಪ್ರೈಮರಿನಲ್ಲಿ ಉಪ್ಪು ಬಿಡುವ ಪೊಟಾಸಿಯಂ ಕ್ಲೋರೇಟ್ ಇರಬಹುದು. ಆ ಉಪ್ಪು ಎಣ್ಣೆಗೆ ಹೋಗದು, ಅದೇ ದಿನ ನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಹಚ್ಚಬೇಕು. ಪ್ರೈಮರಿನಲ್ಲೂ ಗುಂಡಿನಲ್ಲೂ ಸೀಸ ಇರುತ್ತದೆ, ರೇಂಜಿನಿಂದ ಬಂದು ಕೈ ಮುಖ ಸೋಪಿನಲ್ಲಿ ತೊಳೆಯದೆ ಏನೂ ತಿನ್ನಬೇಡಿ, ಮಕ್ಕಳನ್ನು ಎತ್ತಿಕೊಳ್ಳಬೇಡಿ.

ಇಡುವ ಜಾಗ ಬೀಗದ ಪೆಟ್ಟಿಗೆ, ತೋಟಾ ಬೇರೆ ಬೀಗದಲ್ಲಿ, ಒಳಗೆ ಒಂದು ಸಿಲಿಕಾ ಜೆಲ್ ಪೊಟ್ಟಣ. ಡಬ್ಬಿಯ ಜೊತೆ ಕೇಬಲ್ ಲಾಕ್ ಬಂದಿದ್ದರೆ ಅದನ್ನು ಕಿಂಡಿಯಿಂದ ಹಾಕಿ ಮ್ಯಾಗಜೀನ್ ಜಾಗದಿಂದ ಹೊರತೆಗೆದು ಬೀಗ ಹಾಕಿದರೆ ಸ್ಲೈಡ್ ಮುಚ್ಚುವುದೇ ಇಲ್ಲ. ಕಪಾಟಿನ ಮೇಲೆ ಬಟ್ಟೆಯಡಿ ಬಚ್ಚಿಟ್ಟರೆ ಮಕ್ಕಳಿಗೆ ಸಿಗದು ಅನ್ನುವುದು ಭ್ರಮೆ. ಮನೆಯಲ್ಲಿ ಏನೆಲ್ಲಿದೆ ಅಂತ ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತು. ಮನೆಯಲ್ಲಿ ಯಾರಾದರೂ ಮನಸ್ಸು ಕುಗ್ಗಿ ಕಷ್ಟದಲ್ಲಿದ್ದರೆ ಆ ದಿನಗಳಿಗೆ ಪಿಸ್ತೂಲನ್ನು ಕಾನೂನು ಒಪ್ಪುವ ಇನ್ನೊಂದು ಜಾಗಕ್ಕೆ, ಮನೆಯಿಂದಾಚೆ, ಸಾಗಿಸಿ.

ತೆಗೆದ ಹಳೆಯ ಭಾಗಗಳನ್ನೆಲ್ಲ ಒಂದು ಪೊಟ್ಟಣದಲ್ಲಿ ಹಾಕಿ, ಎಷ್ಟು ತೋಟಾ ಆದ ಮೇಲೆ ತೆಗೆದದ್ದು ಅಂತ ಬರೆದು, ಮೂಲ ಡಬ್ಬಿಯಲ್ಲೇ ಇಡಿ. ವಾರಂಟಿಗೆ ಕಳಿಸುವಾಗ ಪಿಸ್ತೂಲು ಕಾರ್ಖಾನೆಯಿಂದ ಬಂದ ಹಾಗೇ ಇರಬೇಕಾಗುತ್ತದೆ, ಮಾರುವಾಗಲೂ ಹಾಗಿದ್ದರೇ ಬೆಲೆ. ಹಾಕಿದ ಸೈಟು, ಗೈಡ್ ರಾಡುಗಳ ದುಡ್ಡು ಕೊಳ್ಳುವವರು ಕೊಡುವುದಿಲ್ಲ. ಅವನ್ನು ಬಿಚ್ಚಿಟ್ಟುಕೊಂಡು ಬೇರೆಯಾಗಿಯೇ ಮಾರಿ.